ಹೊರಗಿನ ಮಾನಿಟರ್‌ನಲ್ಲಿ ಸಿನಿಮಾ ಕಪ್ಪಾಗಿ ಬರುತ್ತಿದೆಯಾ? ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ

ಲ್ಯಾಪ್‌ಟಾಪ್‌ನ ಸ್ವಂತ ಪರದೆಯಲ್ಲಿ ಸಿನಿಮಾ ಸಲೀಸಾಗಿ ಓಡುತ್ತದೆ. ಅದೇ ವಿಂಡೋವನ್ನು ಪಕ್ಕದ ಮಾನಿಟರ್‌ಗೆ ಎಳೆದರೆ ಚಿತ್ರ ಮಾಯ. ಮಾತು ಕೇಳಿಸುತ್ತದೆ, ಸಬ್‌ಟೈಟಲ್ ಬರುತ್ತದೆ, ಚಿತ್ರ ಇರಬೇಕಾದ ಜಾಗ ಮಾತ್ರ ಕಪ್ಪು. ಯೂಟ್ಯೂಬ್ ಹಾಕಿದರೆ ಅದೇ ಮಾನಿಟರ್‌ನಲ್ಲಿ ಯಾವ ತಕರಾರೂ ಇಲ್ಲ.

ಈ ತೊಂದರೆ ಬಂದವರು ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತಾರೆ. ಮೊದಲು ಬ್ರೌಸರ್ ತೆಗೆದು ಮತ್ತೆ ಹಾಕುತ್ತಾರೆ. ಆಮೇಲೆ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಚಿಪ್ ಅನ್ನು ನಡೆಸುವ ಸಾಫ್ಟ್‌ವೇರ್). ಅದೂ ಆಗದಿದ್ದರೆ ಇಡೀ ವಿಂಡೋಸ್. ಇಷ್ಟೆಲ್ಲ ಮಾಡಿದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಯಾಕಂದ್ರೆ ಬಹಳ ಸಲ ದೋಷ ಇರುವುದು ಲ್ಯಾಪ್‌ಟಾಪ್‌ಗೂ ಮಾನಿಟರ್‌ಗೂ ನಡುವೆ ನೇತಾಡುತ್ತಿರುವ ಅಡಾಪ್ಟರ್‌ನಲ್ಲಿ. ಹಾಗಾಗಿ ಇಲ್ಲಿ ಹಾರ್ಡ್‌ವೇರ್ ಮೊದಲು ಬರುತ್ತದೆ, ಸಾಫ್ಟ್‌ವೇರ್ ಆಮೇಲೆ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಇದರ ಹಿಂದೆ ಇರುವುದು ಎಚ್‌ಡಿಸಿಪಿ ಎಂಬ ರಕ್ಷಣೆ. ಹಣ ಕೊಟ್ಟು ನೋಡುವ ಸಿನಿಮಾ ಶುರುವಾಗುವ ಮೊದಲು ಕಂಪ್ಯೂಟರ್ ಮಾನಿಟರ್ ಜೊತೆ ಕೀಲಿ ವಿನಿಮಯ ಮಾಡಿಕೊಳ್ಳುತ್ತದೆ. ಮಾನಿಟರ್ ಸರಿಯಾದ ಉತ್ತರ ಕೊಟ್ಟರೆ ಚಿತ್ರವನ್ನು ಗೂಢಲಿಪಿಯಲ್ಲಿ ಕಳಿಸುತ್ತದೆ, ಇಲ್ಲದಿದ್ದರೆ ಕಳಿಸುವುದಿಲ್ಲ. ಚಿತ್ರ ಓಡುತ್ತಿರುವಾಗಲೂ ಈ ತಪಾಸಣೆ ನಡೆಯುತ್ತಲೇ ಇರುತ್ತದೆ. ನಡುವೆ ಹಬ್ (ಒಂದು ಪೋರ್ಟ್‌ನಿಂದ ಹಲವು ಪೋರ್ಟ್ ಕೊಡುವ ಡಬ್ಬಿ), ಸ್ಪ್ಲಿಟರ್ (ಒಂದೇ ಚಿತ್ರವನ್ನು ಎರಡು ಪರದೆಗೆ ಹಂಚುವ ಡಬ್ಬಿ) ಏನಾದರೂ ಇದ್ದರೆ ಅದೂ ಉತ್ತರ ಕೊಡಬೇಕು. ಡೆಸ್ಕ್‌ಟಾಪ್, ವರ್ಡ್ ಫೈಲ್, ಸಾಮಾನ್ಯ ಯೂಟ್ಯೂಬ್ ವಿಡಿಯೊಗಳಿಗೆ ಈ ತಪಾಸಣೆ ಬೇಕಿಲ್ಲ. ಅದಕ್ಕೇ ಅವು ಆರಾಮಾಗಿ ಕಾಣಿಸುತ್ತವೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಚೆನ್ನಾಗಿದೆ ಎಂದು ಗೊತ್ತಿರುವ, ಒಂದೂವರೆ ಇಲ್ಲವೇ ಎರಡು ಮೀಟರ್ ಉದ್ದದ ಇನ್ನೊಂದು ಎಚ್‌ಡಿಎಂಐ ಕೇಬಲ್ ಬೇಕು. ಸೆಟ್‌ಟಾಪ್ ಬಾಕ್ಸ್‌ನಿಂದ ಕಳಚಿದ್ದಾದರೂ ಆದೀತು.

ಮನೆಯ ಟಿವಿ ಬೇಕು. ಇದು ಇಡೀ ಪರೀಕ್ಷೆಯ ದೊಡ್ಡ ಸಾಧನ. ಎಚ್‌ಡಿಎಂಐ ಇರುವ ಟಿವಿಗಳು ಎಚ್‌ಡಿಸಿಪಿ ಒಪ್ಪುವುದು ಹೆಚ್ಚುಕಡಿಮೆ ಖಚಿತ. ಕಂಪ್ಯೂಟರ್ ಮಾನಿಟರ್‌ಗಳ ಬಗ್ಗೆ, ಅದರಲ್ಲೂ ಹಳೆಯವುಗಳ ಬಗ್ಗೆ, ಆ ಮಾತು ಹೇಳಲಾಗದು.

ಮಾನಿಟರ್ ಹಿಂದಿನ ಸ್ಟಿಕರ್‌ನಲ್ಲಿರುವ ಮಾಡೆಲ್ ನಂಬರ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಏನು ಬದಲಿಸಿದಿರಿ, ಏನಾಯಿತು ಎಂದು ಬರೆದುಕೊಳ್ಳಲು ಒಂದು ಹಾಳೆ ಇರಲಿ.

ಬೇಡವಾದದ್ದು ಎಂದರೆ ಬಗೆಬಗೆಯ ವಿಡಿಯೊ ಫೈಲ್ ಓಡಿಸಲು ಹಾಕಿಕೊಳ್ಳುವ ಕೋಡೆಕ್ ಪ್ಯಾಕ್‌ಗಳು ಮತ್ತು ಎಲ್ಲ ವಿಡಿಯೊ ಸಮಸ್ಯೆ ಸರಿಮಾಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳು. ಎಚ್‌ಡಿಸಿಪಿಗೂ ಅವಕ್ಕೂ ಸಂಬಂಧವೇ ಇಲ್ಲ. ಇನ್‌ಸ್ಟಾಲ್ ಮಾಡಿದರೆ ಹೊಸ ತಲೆನೋವು ಗ್ಯಾರಂಟಿ.

## ಹಂತ 1: ಇದು ರಕ್ಷಣೆಯ ತೊಂದರೆಯೇ ಎಂದು ಖಚಿತ ಮಾಡಿಕೊಳ್ಳಿ

ಮೂರು ಸಣ್ಣ ಪರೀಕ್ಷೆ ಮಾಡಿ.

1. ಮಾನಿಟರ್‌ನಲ್ಲಿ ಯೂಟ್ಯೂಬ್‌ನ ಯಾವುದಾದರೂ ಉಚಿತ ವಿಡಿಯೊ ಓಡಿಸಿ.
2. ಮಾನಿಟರ್ ಕೇಬಲ್ ಪೂರ್ತಿ ಕಳಚಿ, ಹಣ ಕೊಟ್ಟು ನೋಡುವ ಸಿನಿಮಾವನ್ನು ಲ್ಯಾಪ್‌ಟಾಪ್ ಪರದೆಯಲ್ಲೇ ಓಡಿಸಿ.
3. ಅದೇ ಸಿನಿಮಾವನ್ನು ಮಾನಿಟರ್ ಜೋಡಿಸಿ ಓಡಿಸಿ.

ಮೊದಲ ಎರಡು ಸರಿಯಾಗಿದ್ದು ಮೂರನೆಯದು ಮಾತ್ರ ಕೈಕೊಟ್ಟರೆ ಎಚ್‌ಡಿಸಿಪಿ ಮೇಲೆ ಅನುಮಾನ ಗಟ್ಟಿ. ಮುಂದಿನ ಹಂತಕ್ಕೆ ಹೋಗಿ. ಎರಡನೆಯದೇ ಕೈಕೊಟ್ಟರೆ ಮಾನಿಟರ್‌ನ ತಪ್ಪಿಲ್ಲ, ನೇರವಾಗಿ 6 ಮತ್ತು 7ನೇ ಹಂತ ನೋಡಿ. ಮೊದಲನೆಯದೇ ಕೈಕೊಟ್ಟರೆ ಅದು ಬರೀ ಕೇಬಲ್ ಇಲ್ಲವೇ ಡ್ರೈವರ್ ತೊಂದರೆ.

ಎರಡನೆಯದಕ್ಕೆ ಸಂಬಂಧಿಸಿ ಒಂದು ಮಾತು. ಭಾರತದಲ್ಲಿ ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್ ಫೋನ್ ಮತ್ತು ಟ್ಯಾಬ್ಲೆಟ್‌ಗಷ್ಟೇ. ಕಂಪ್ಯೂಟರ್‌ನಲ್ಲಿ ಅದು ಓಡುವುದಿಲ್ಲ. ಪ್ಲಾನ್ ಏನಿದೆ ಎಂದು ನೋಡದೆ ಕೇಬಲ್ ಬದಲಿಸುತ್ತಾ ಕೂರಬೇಡಿ.

ಪರದೆ ಹೇಗೆ ಕೆಡುತ್ತದೆ ಅನ್ನುವುದೂ ಸುಳಿವು ಕೊಡುತ್ತದೆ. ಚಿತ್ರದಲ್ಲಿ ಬಿಳಿ ಚುಕ್ಕಿಗಳು ಮಿನುಗುವುದು, ಗೆರೆ ಬರುವುದು ಕೇಬಲ್‌ನ ಲಕ್ಷಣ. ಸಿನಿಮಾ ಒತ್ತಿದ ಕೂಡಲೇ ಇಡೀ ಮಾನಿಟರ್ ಒಂದೆರಡು ಸೆಕೆಂಡ್ ಆರಿ ಮತ್ತೆ ಬರುತ್ತಿದ್ದರೆ ಕೀಲಿ ವಿನಿಮಯ ನಡೆಯುತ್ತಿದೆ ಎಂದರ್ಥ. ಒಂದು ಸಲ ಆದರೆ ಚಿಂತೆ ಇಲ್ಲ. ಐದು ಹತ್ತು ನಿಮಿಷಕ್ಕೊಮ್ಮೆ ಆಗುತ್ತಿದ್ದರೆ ವಿನಿಮಯ ಆಗುತ್ತಿದೆ, ಆದರೆ ನಿಲ್ಲುತ್ತಿಲ್ಲ. ಇನ್ನೊಂದು ಲಕ್ಷಣ ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ: ಚಿತ್ರ ಬರುತ್ತದೆ, ಆದರೆ ಮಸುಕು ಮಸುಕು. ಕೆಲವು ಸೇವೆಗಳು ಕಪ್ಪು ಮಾಡುವ ಬದಲು ಗುಣಮಟ್ಟ ಇಳಿಸಿಬಿಡುತ್ತವೆ. ನೀವು ಇಂಟರ್ನೆಟ್‌ಗೆ ಬೈಯುತ್ತಿರುತ್ತೀರಿ, ಕಾರಣ ಮಾನಿಟರ್ ಆಗಿರುತ್ತದೆ.

## ಹಂತ 2: ನಡುವೆ ಇರುವುದನ್ನೆಲ್ಲ ತೆಗೆಯಿರಿ

ಜಾಸ್ತಿ ತೊಂದರೆ ಪರಿಹಾರ ಆಗುವುದು ಇಲ್ಲೇ. ಅವಸರ ಮಾಡಬೇಡಿ.

ಹಬ್, ಡಾಕ್ (ಮೇಜಿನ ಮೇಲಿಟ್ಟು ಮಾನಿಟರ್, ಕೀಬೋರ್ಡ್ ಎಲ್ಲ ಜೋಡಿಸುವ ದೊಡ್ಡ ಹಬ್), ಸ್ಪ್ಲಿಟರ್, ಎರಡು ಕಂಪ್ಯೂಟರ್‌ಗೆ ಒಂದೇ ಮಾನಿಟರ್ ಹಂಚುವ ಕೆವಿಎಂ ಸ್ವಿಚ್, ಚಿತ್ರ ರೆಕಾರ್ಡ್ ಮಾಡುವ ಕ್ಯಾಪ್ಚರ್ ಕಾರ್ಡ್, ಸೌಂಡ್‌ಬಾರ್, ಉದ್ದ ಮಾಡಲು ಹಾಕಿದ ಜಾಯಿಂಟ್ ಎಲ್ಲವನ್ನೂ ಕಳಚಿ. ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಪೋರ್ಟ್‌ನಿಂದ ಮಾನಿಟರ್‌ನ ಎಚ್‌ಡಿಎಂಐ ಪೋರ್ಟ್‌ಗೆ ಒಂದೇ ಕೇಬಲ್. ಈಗ ಸಿನಿಮಾ ಓಡಿಸಿ. ಬಂತಾ? ಹಾಗಾದರೆ ಕಳಚಿದ್ದನ್ನು ಒಂದೊಂದಾಗಿ ಸೇರಿಸುತ್ತಾ ಬನ್ನಿ. ಯಾವುದನ್ನು ಸೇರಿಸಿದಾಗ ಕಪ್ಪಾಯಿತೋ ಅದೇ ಕಳ್ಳ.

ಕೆಲವು ವಸ್ತುಗಳ ಬಗ್ಗೆ ಪರೀಕ್ಷೆಯನ್ನೂ ಮಾಡಬೇಕಿಲ್ಲ, ಮೊದಲೇ ಹೇಳಿಬಿಡಬಹುದು.

ವಿಜಿಎ. ನೀಲಿ ಬಣ್ಣದ, ಮೂರು ಸಾಲು ಪಿನ್ ಇರುವ ಹಳೇ ಪೋರ್ಟ್. ಅದು ಅನಲಾಗ್, ಎಚ್‌ಡಿಸಿಪಿ ಅದರಲ್ಲಿ ಹೋಗುವುದೇ ಇಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಹಾಕಿದ್ದರೆ ಅದನ್ನು ಬಿಟ್ಟುಬಿಡುವುದೇ ಪರಿಹಾರ.

ಡಿವಿಐ. ಇದರಲ್ಲಿ ಎರಡೂ ಉಂಟು. ಡಿವಿಐ ಇರುವ ಕೆಲವು ಮಾನಿಟರ್‌ಗಳು ಎಚ್‌ಡಿಸಿಪಿ ಒಪ್ಪುತ್ತವೆ, ಕೆಲವು ಇಲ್ಲ. ಮಾನಿಟರ್ ಒಪ್ಪುವುದಾದರೆ ಎಚ್‌ಡಿಎಂಐ-ಡಿವಿಐ ಜೋಡಣೆ ಅದಕ್ಕೆ ಅಡ್ಡಿ ಬರುವುದಿಲ್ಲ. ಸದ್ದು ಬಾರದಿದ್ದರೆ ಅದು ಬೇರೆ ವಿಷಯ.

ಯುಎಸ್‌ಬಿಯಿಂದ ಎಚ್‌ಡಿಎಂಐ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ, ಯಾಕಂದ್ರೆ ಹೊರಗಿನಿಂದ ಒಂದೇ ಥರ ಕಾಣುವ ಎರಡು ಜಾತಿ ಇವೆ. ಒಂದು, ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್‌ನಿಂದಲೇ ಡಿಸ್‌ಪ್ಲೇಪೋರ್ಟ್ (ಎಚ್‌ಡಿಎಂಐ ಥರದ್ದೇ ಇನ್ನೊಂದು ವಿಡಿಯೊ ಜೋಡಣೆ) ಸಿಗ್ನಲ್ ಅನ್ನು ಯುಎಸ್‌ಬಿ-ಸಿ ಮೂಲಕ ಹೊರಗೆ ತರುವಂಥದ್ದು. ಇದಕ್ಕೆ ಡ್ರೈವರ್ ಬೇಕಿಲ್ಲ. ಎರಡನೆಯದು, ಪರದೆಯ ಚಿತ್ರವನ್ನು ಸಾಫ್ಟ್‌ವೇರ್‌ನಲ್ಲಿ ಸೆರೆಹಿಡಿದು, ಕುಗ್ಗಿಸಿ, ಯುಎಸ್‌ಬಿ ಡೇಟಾ ಆಗಿ ಕಳಿಸುವಂಥದ್ದು. ಡಿಸ್‌ಪ್ಲೇಲಿಂಕ್ ತಂತ್ರಜ್ಞಾನ ಇದೇ ಜಾತಿಯದು. ಗುರುತಿಸುವುದು ಸುಲಭ: ಹಳೆಯ ಚಪ್ಪಟೆ ಯುಎಸ್‌ಬಿ-ಎ ಪೋರ್ಟ್‌ಗೂ ಹಾಕಬಹುದಾದರೆ, ಅಥವಾ ಡ್ರೈವರ್ ಇನ್‌ಸ್ಟಾಲ್ ಮಾಡಿದ ಮೇಲಷ್ಟೇ ಕೆಲಸ ಮಾಡುತ್ತಿದ್ದರೆ, ಅದು ಎರಡನೇ ಜಾತಿ. ವಿಂಡೋಸ್‌ನಲ್ಲಿ ಇಂಥ ಕೆಲವು ಡಾಕ್‌ಗಳಲ್ಲಿ ಎಚ್‌ಡಿಸಿಪಿ ನಡೆಯುತ್ತದೆ, ಅಗ್ಗದ ಅಡಾಪ್ಟರ್‌ಗಳಲ್ಲಿ ನಂಬುವ ಹಾಗಿಲ್ಲ. ಮ್ಯಾಕ್‌ನಲ್ಲಿ ಡಿಸ್‌ಪ್ಲೇಲಿಂಕ್ ಕೆಲಸ ಮಾಡುವುದೇ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಮೇಲೆ. ಹಾಗಾಗಿ ರಕ್ಷಿತ ವಿಡಿಯೊ ಕಪ್ಪಾಗುವುದು ಸಹಜ.

ಯುಎಸ್‌ಬಿ-ಸಿ ಹಬ್. ಮೊದಲ ಜಾತಿಯದೇ ಆದರೂ ಒಳಗೆ ಡಿಸ್‌ಪ್ಲೇಪೋರ್ಟ್ ಅನ್ನು ಎಚ್‌ಡಿಎಂಐಗೆ ಬದಲಿಸುವ ಚಿಪ್ ಇರುತ್ತದೆ. ಆ ಚಿಪ್ ಎಚ್‌ಡಿಸಿಪಿಯ ಯಾವ ಆವೃತ್ತಿ ಒಪ್ಪುತ್ತದೋ ನಿಮಗೆ ಸಿಗುವುದೂ ಅದೇ. ಲ್ಯಾಪ್‌ಟಾಪ್‌ನ ಎಲ್ಲ ಯುಎಸ್‌ಬಿ-ಸಿ ಪೋರ್ಟ್‌ಗಳೂ ವಿಡಿಯೊ ಕಳಿಸುವುದಿಲ್ಲ ಅನ್ನುವುದೂ ನೆನಪಿರಲಿ. ಕೆಲವು ಬರೀ ಚಾರ್ಜಿಂಗ್ ಮತ್ತು ಡೇಟಾಕ್ಕೆ.

ಆಫೀಸಿನ ಡಾಕ್ ಮನೆಗೆ ತಂದು ಬಳಸುವವರೇ ಈ ಹಂತದಲ್ಲಿ ಜಾಸ್ತಿ ಸಿಕ್ಕಿಬೀಳುವುದು. ಡಾಕ್ ದುಬಾರಿಯದು, ಅದರಲ್ಲಿ ದೋಷ ಇರಲಾರದು ಅಂದುಕೊಂಡು ಅದನ್ನು ಕಳಚುವುದೇ ಇಲ್ಲ. ಬೆಲೆ ನೋಡಬೇಡಿ, ಕಳಚಿ.

## ಹಂತ 3: ಕೇಬಲ್ ಮತ್ತು ಪೋರ್ಟ್

ನೇರ ಕೇಬಲ್‌ನಲ್ಲೂ ಕಪ್ಪೇ ಅಂದರೆ ಕೇಬಲ್ ಬದಲಿಸಿ.

"ಡೆಸ್ಕ್‌ಟಾಪ್ ಚೆನ್ನಾಗೇ ಕಾಣ್ತಿದೆಯಲ್ಲ, ಕೇಬಲ್ ಹೇಗೆ ಹಾಳಾಗಿರುತ್ತೆ?" ಎಂದು ಕೇಳುವವರಿದ್ದಾರೆ. ಎಚ್‌ಡಿಎಂಐ ಕನೆಕ್ಟರ್‌ನಲ್ಲಿ 19 ಪಿನ್ ಇವೆ. ಚಿತ್ರ ಹೋಗುವ ತಂತಿಗಳು ಬೇರೆ, ಕಂಪ್ಯೂಟರ್ ಮತ್ತು ಮಾನಿಟರ್ ಮಾತಾಡಿಕೊಳ್ಳುವ ತಂತಿಗಳು ಬೇರೆ. ಈ ಮಾತುಕತೆ ನಡೆಯುವುದು 15 ಮತ್ತು 16ನೇ ಪಿನ್‌ನಲ್ಲಿ. ಎಚ್‌ಡಿಸಿಪಿ ಕೀಲಿ ವಿನಿಮಯವೂ ಅಲ್ಲೇ. ಆ ಎರಡು ತಂತಿಗಳ ಸಂಪರ್ಕ ಸಡಿಲವಾದರೆ ಚಿತ್ರ ಫಳಫಳ ಬರುತ್ತಲೇ ಇರುತ್ತದೆ, ಸಿನಿಮಾ ಮಾತ್ರ ಬರುವುದಿಲ್ಲ. ಮಾನಿಟರ್ ತನ್ನ ರೆಸಲ್ಯೂಷನ್ ಹೇಳುವುದೂ ಅದೇ ತಂತಿಗಳಲ್ಲಿ. ಆದ್ದರಿಂದ ಮಾನಿಟರ್‌ನ ಹೆಸರು ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಕಾಣದೆ "ಜೆನೆರಿಕ್ ಮಾನಿಟರ್" ಎಂದು ಬಂದು, ರೆಸಲ್ಯೂಷನ್ ಪಟ್ಟಿಯೂ ವಿಚಿತ್ರವಾಗಿದ್ದರೆ ಕೇಬಲ್ ಮೇಲೆ ಅನುಮಾನ ಪಡಿ.

ಅಂಗಡಿಯಲ್ಲಿ "ಇದು ಎಚ್‌ಡಿಸಿಪಿ 2.2 ಕೇಬಲ್, ಸ್ವಲ್ಪ ಜಾಸ್ತಿ ಆಗುತ್ತೆ" ಎಂದರೆ ನಕ್ಕು ಸುಮ್ಮನಾಗಿ. ಬೆಂಗಳೂರಿನ ಎಸ್‌ಪಿ ರೋಡ್ ಆಗಲಿ, ಆನ್‌ಲೈನ್ ಆಗಲಿ, ಸಾಮಾನ್ಯ ಕೇಬಲ್‌ಗೆ ಎಚ್‌ಡಿಸಿಪಿ ಆವೃತ್ತಿ ಅನ್ನುವುದೇ ಇಲ್ಲ. ಆವೃತ್ತಿ ಇರುವುದು ಎರಡು ತುದಿಯ ಚಿಪ್‌ಗಳಿಗೆ. ಕೇಬಲ್‌ನಲ್ಲಿ ನೋಡಬೇಕಾದದ್ದು ಸಾಮರ್ಥ್ಯ. 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವ ವೇಗದಲ್ಲಿ, 4ಕೆ ಬೇಕಿದ್ದರೆ ಸೆಕೆಂಡಿಗೆ 18 ಗಿಗಾಬಿಟ್ ತಡೆದುಕೊಳ್ಳುವ "ಪ್ರೀಮಿಯಂ ಹೈ ಸ್ಪೀಡ್" ಕೇಬಲ್ ತೆಗೆದುಕೊಳ್ಳಿ. 1080ಪಿ (ಫುಲ್ ಎಚ್‌ಡಿ) ಸಾಕು ಅನ್ನುವವರಿಗೆ ಮಾಮೂಲಿ ಹೈ ಸ್ಪೀಡ್ ಕೇಬಲ್ ಧಾರಾಳ ಆಯಿತು.

ಕೇಬಲ್ ಆದ ಮೇಲೆ ಪೋರ್ಟ್. ಮಾನಿಟರ್‌ನಲ್ಲಿ ಎರಡು ಎಚ್‌ಡಿಎಂಐ ಇದ್ದರೆ ಎರಡನ್ನೂ ನೋಡಿ. 4ಕೆ ಬಂದ ಶುರುವಿನ ವರ್ಷಗಳ ಕೆಲವು ಟಿವಿ, ಮಾನಿಟರ್‌ಗಳಲ್ಲಿ ಒಂದು ಪೋರ್ಟ್ ಮಾತ್ರ ಎಚ್‌ಡಿಸಿಪಿ 2.2 ಒಪ್ಪುತ್ತದೆ, ಉಳಿದವು 1.4ಕ್ಕೆ ನಿಲ್ಲುತ್ತವೆ. ಕೆಲವದರಲ್ಲಿ ಪೋರ್ಟ್ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೂ ಹಾಕಿ ನೋಡಿ.

ಈಗ ಟಿವಿಯ ಸರದಿ. ಅದೇ ಲ್ಯಾಪ್‌ಟಾಪ್, ಅದೇ ಕೇಬಲ್, ಮಾನಿಟರ್ ಬದಲು ಟಿವಿ. ಟಿವಿಯಲ್ಲಿ ಬಂದರೆ ಲ್ಯಾಪ್‌ಟಾಪ್ ಮತ್ತು ಕೇಬಲ್ ಎರಡೂ ನಿರ್ದೋಷಿ, ತೊಂದರೆ ಮಾನಿಟರ್ ಕಡೆಯದು. ಟಿವಿಯಲ್ಲೂ ಕಪ್ಪಾದರೆ ಲ್ಯಾಪ್‌ಟಾಪ್ ಕಡೆಯದು. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಹಾಳೆಯಲ್ಲಿ ಬರೆದಿಡಿ.

## ಹಂತ 4: ಪೂರ್ತಿ ಪವರ್ ತೆಗೆಯುವುದು, ಕ್ರಮ ತಪ್ಪದೆ

ನಿನ್ನೆವರೆಗೆ ಚೆನ್ನಾಗಿದ್ದು ಇವತ್ತು ಏಕಾಏಕಿ ಕೈಕೊಟ್ಟಿದ್ದರೆ, ಅದರಲ್ಲೂ ಕರೆಂಟ್ ಹೋಗಿ ಬಂದ ಮೇಲೆ ಅಥವಾ ಲ್ಯಾಪ್‌ಟಾಪ್ ಸ್ಲೀಪ್‌ನಿಂದ ಎದ್ದ ಮೇಲೆ, ಈ ಹಂತವೇ ಸಾಕಾಗಬಹುದು.

1. ಕಂಪ್ಯೂಟರ್ ಆಫ್ ಮಾಡಿ. ವಿಂಡೋಸ್‌ನಲ್ಲಿ ಶಿಫ್ಟ್ ಕೀ ಒತ್ತಿಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಸುಮ್ನೆ ಶಟ್‌ಡೌನ್ ಒತ್ತಿದಾಗ ಅದು ಪೂರ್ತಿ ಆಫ್ ಆಗುವುದಿಲ್ಲ, ಡ್ರೈವರ್‌ನ ಹಳೇ ಸ್ಥಿತಿಯನ್ನೇ ಉಳಿಸಿಕೊಂಡಿರುತ್ತದೆ.
2. ಎಚ್‌ಡಿಎಂಐ ಕೇಬಲ್ ಅನ್ನು ಎರಡೂ ಕಡೆಯಿಂದ ಕಳಚಿ.
3. ಮಾನಿಟರ್‌ನ ಪವರ್ ಬಟನ್ ಒತ್ತಿದರೆ ಸಾಲದು, ಗೋಡೆಯ ಸ್ವಿಚ್ ಆರಿಸಿ. ಡಾಕ್ ಇದ್ದರೆ ಅದರದ್ದೂ.
4. ಒಂದೆರಡು ನಿಮಿಷ ಬಿಡಿ.
5. ಮೊದಲು ಮಾನಿಟರ್ ಆನ್ ಮಾಡಿ. ಆಮೇಲೆ ಕೇಬಲ್ ಜೋಡಿಸಿ. ಕೊನೆಗೆ ಕಂಪ್ಯೂಟರ್.

ಪವರ್ ಬಟನ್‌ನಿಂದ ಆರಿಸಿದ ಮಾನಿಟರ್ ಒಳಗೆ ಸ್ಟ್ಯಾಂಡ್‌ಬೈನಲ್ಲಿ ಎಚ್ಚರವಾಗಿಯೇ ಇರುತ್ತದೆ. ಎಲ್ಲರೂ ತಪ್ಪುವುದು ಮೂರನೇ ಅಂಶದಲ್ಲಿ.

## ಹಂತ 5: ಒಂದೇ ಪರದೆ ಇಟ್ಟು ನೋಡಿ

ವಿಂಡೋಸ್ ಕೀ ಜೊತೆ ಪಿ ಒತ್ತಿ. ಬರುವ ಪಟ್ಟಿಯಲ್ಲಿ "ಸೆಕೆಂಡ್ ಸ್ಕ್ರೀನ್ ಓನ್ಲಿ" ಆರಿಸಿ. ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆರೆದು ಸಿನಿಮಾ ಓಡಿಸಿ.

"ಡೂಪ್ಲಿಕೇಟ್" ಇಟ್ಟಾಗ ಒಂದೇ ಚಿತ್ರ ಎರಡು ಪರದೆಗೂ ಹೋಗಬೇಕು. ಆಗ ಎರಡೂ ಎಚ್‌ಡಿಸಿಪಿ ಒಪ್ಪಬೇಕು. ಒಂದು ಒಪ್ಪದಿದ್ದರೂ ಎರಡರಲ್ಲೂ ಕಪ್ಪಾಗಬಹುದು. ಮೂರು ಪರದೆ ಇಟ್ಟುಕೊಂಡು ಕೆಲಸ ಮಾಡುವವರು ಇದನ್ನು ಗಮನಿಸಿ: ಸಿನಿಮಾ ಇರುವುದು ಹೊಸ ಮಾನಿಟರ್‌ನಲ್ಲೇ ಆದರೂ ಮೂಲೆಯಲ್ಲಿ ವಿಜಿಎಗೆ ಜೋಡಿಸಿದ ಹಳೇ ಮಾನಿಟರ್ ಆಟ ಕೆಡಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಕನೆಕ್ಟ್ ಮಾಡಿದರೆ ಸಾಲದು, ಕೇಬಲ್ ಕಿತ್ತು ನೋಡಿ.

ಒಂದೇ ಪರದೆ ಇದ್ದೂ ಬಾರದಿದ್ದರೆ ಅದರ ಮೇಲಿನ ಹೊರೆ ಇಳಿಸಿ. 144 ಹರ್ಟ್ಸ್ ಇದ್ದರೆ 60ಕ್ಕೆ ತನ್ನಿ. ಹೊಳಪು, ಬಣ್ಣ ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ಆಫ್ ಮಾಡಿ. ಒಂದು ಮಾನಿಟರ್‌ನಿಂದ ಇನ್ನೊಂದಕ್ಕೆ ಡಿಸ್‌ಪ್ಲೇಪೋರ್ಟ್ ಸರಪಳಿ ಹಾಕಿದ್ದರೆ ಅದನ್ನು ಬಿಚ್ಚಿ. ಮಾನಿಟರ್‌ನ ಸ್ವಂತ ಮೆನುವಿನಲ್ಲಿ ಎಚ್‌ಡಿಎಂಐ 1.4 ಅಥವಾ 2.0 ಎಂದು ಆರಿಸುವ ಆಯ್ಕೆ ಇದ್ದರೆ ಅದನ್ನು ಬದಲಿಸಿ ನೋಡಿ. ಕೆಲಸ ಆದ ಮೇಲೆ ಒಂದೊಂದಾಗಿ ಮತ್ತೆ ಏರಿಸಬಹುದು.

## ಹಂತ 6: ಪರದೆ ನೋಡುತ್ತಿರುವ ಬೇರೆ ಸಾಫ್ಟ್‌ವೇರ್ ಉಂಟೇ?

ಸ್ಕ್ರೀನ್ ರೆಕಾರ್ಡರ್, ಟೀಮ್‌ವ್ಯೂವರ್ ಮತ್ತು ಎನಿಡೆಸ್ಕ್ ಥರದ ದೂರದಿಂದ ನಿಯಂತ್ರಿಸುವ ಸಾಫ್ಟ್‌ವೇರ್, ಹಿಂದೆ ಓಡುತ್ತಿರುವ ಮೀಟಿಂಗ್ ಶೇರಿಂಗ್: ಇವೆಲ್ಲ ಪರದೆಯನ್ನು ಸೆರೆಹಿಡಿಯುತ್ತವೆ. ರಕ್ಷಿತ ವಿಡಿಯೊ ಇರುವುದೇ ಅದನ್ನು ತಡೆಯಲು. ಬರೀ ಕಿಟಕಿ ಮುಚ್ಚಿದರೆ ಕೆಲವು ಹಿಂದೆ ಓಡುತ್ತಲೇ ಇರುತ್ತವೆ. ಗಡಿಯಾರದ ಪಕ್ಕದ ಸಣ್ಣ ಬಾಣ ಒತ್ತಿ, ಅಲ್ಲಿರುವ ಐಕಾನ್‌ನಿಂದ ಎಕ್ಸಿಟ್ ಕೊಡಿ.

ಮೀಟಿಂಗ್‌ನಲ್ಲಿ ಸ್ನೇಹಿತರಿಗೆ ಸಿನಿಮಾ ತೋರಿಸಲು ಹೋಗಿ ಅವರಿಗೆ ಬರೀ ಕಪ್ಪು ಕಾಣುತ್ತಿದ್ದರೆ ಅದು ದೋಷವಲ್ಲ. ಅದು ಹಾಗೇ ಇರಬೇಕಾದದ್ದು. ರಿಮೋಟ್ ಡೆಸ್ಕ್‌ಟಾಪ್ ಮೂಲಕ ಇನ್ನೊಂದು ಕಂಪ್ಯೂಟರ್‌ಗೆ ಹೋಗಿ ಅಲ್ಲಿ ಸಿನಿಮಾ ಹಾಕಿದರೂ ಅಷ್ಟೇ.

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಅದರಲ್ಲಿ ನಿಗಾ ಇಡುವ ಸಾಫ್ಟ್‌ವೇರ್ ಇರಬಹುದು. ಅದನ್ನು ಮುಟ್ಟಲು ಹೋಗಬೇಡಿ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಅದೇ ಮಾನಿಟರ್ ಹಾಕಿ ನೋಡಿ, ಉತ್ತರ ಸಿಗುತ್ತದೆ. ಒಂದು ಸಿನಿಮಾಕ್ಕೋಸ್ಕರ ಐಟಿ ವಿಭಾಗದವರಿಗೆ ವಿವರಣೆ ಕೊಡುವ ಪರಿಸ್ಥಿತಿ ಬೇಡ ಅಲ್ವಾ?

## ಹಂತ 7: ಬ್ರೌಸರ್

ಮೊದಲು ಬ್ರೌಸರ್ ಬದಲಿಸಿ. ಕ್ರೋಮ್‌ನಲ್ಲಿ ಕಪ್ಪಾದರೆ ಎಡ್ಜ್‌ನಲ್ಲಿ, ಅದರಲ್ಲೂ ಆದರೆ ಫೈರ್‌ಫಾಕ್ಸ್‌ನಲ್ಲಿ. ಒಂದರಲ್ಲಿ ಮಾತ್ರ ತೊಂದರೆ ಇದ್ದರೆ ಮಾನಿಟರ್ ಬಗ್ಗೆ ಯೋಚಿಸುವುದು ಬಿಡಿ.

ಕ್ರೋಮ್‌ನಲ್ಲಿ ರಕ್ಷಿತ ವಿಡಿಯೊ ಬಿಚ್ಚುವ ಭಾಗದ ಹೆಸರು ವೈಡ್‌ವೈನ್. ಅಡ್ರೆಸ್ ಬಾರ್‌ನಲ್ಲಿ ಇಂಗ್ಲಿಷ್‌ನಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಕಾಂಪೊನೆಂಟ್ಸ್ ಎಂದು ಟೈಪ್ ಮಾಡಿದರೆ ಪಟ್ಟಿ ಬರುತ್ತದೆ. ವೈಡ್‌ವೈನ್ ಎದುರು "ಚೆಕ್ ಫಾರ್ ಅಪ್‌ಡೇಟ್" ಒತ್ತಿ. ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಡಿಆರ್‌ಎಂ ನಿಯಂತ್ರಿತ (ಅಂದರೆ ರಕ್ಷಿತ) ವಿಡಿಯೊ ಓಡಿಸುವ ಆಯ್ಕೆಗೆ ಟಿಕ್ ಇರಲಿ.

ಇನ್ನು ಹಾರ್ಡ್‌ವೇರ್ ಆಕ್ಸೆಲರೇಷನ್. ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಆಕ್ಸೆಲರೇಷನ್ ಎಂಬ ಸ್ವಿಚ್ ಇದೆ. ಅದನ್ನು ಆಫ್ ಮಾಡಿ ಬ್ರೌಸರ್ ಮರುಶುರು ಮಾಡಿದರೆ ಕೆಲವರಿಗೆ ಚಿತ್ರ ಬಂದುಬಿಡುತ್ತದೆ. ಎಲ್ಲ ಕಡೆ ಇದನ್ನೇ ಪರಿಹಾರ ಎಂದು ಹೇಳುತ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ಆಫ್ ಮಾಡಿದಾಗ ವಿಡಿಯೊ ಕೆಲಸವೆಲ್ಲ ಪ್ರೊಸೆಸರ್ ತಲೆಗೆ ಬೀಳುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಗುಣಮಟ್ಟವೂ ಕೆಳಗಿಳಿಯಬಹುದು. ಇದನ್ನು ಪರೀಕ್ಷೆ ಎಂದು ತಿಳಿಯಿರಿ. ಆಫ್ ಮಾಡಿದಾಗ ಬಂದರೆ ದೋಷ ಗ್ರಾಫಿಕ್ಸ್ ಡ್ರೈವರ್ ಇಲ್ಲವೇ ಎಚ್‌ಡಿಸಿಪಿ ದಾರಿಯಲ್ಲಿದೆ. ಅದನ್ನು ತಿಳಿದುಕೊಂಡು ಸ್ವಿಚ್ ಮತ್ತೆ ಆನ್ ಮಾಡಿ.

## ಹಂತ 8: ಡ್ರೈವರ್

ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. ಅಲ್ಲಿ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಹೆಸರು ಇರಬೇಕು. "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಎಂದಿದ್ದರೆ ನಿಜವಾದ ಡ್ರೈವರ್ ಕೂತೇ ಇಲ್ಲ. ಹೊಸದಾಗಿ ವಿಂಡೋಸ್ ಹಾಕಿಸಿಕೊಂಡು ಬಂದ ಕಂಪ್ಯೂಟರ್‌ಗಳಲ್ಲಿ ಇದನ್ನು ಮೊದಲು ನೋಡಿ. ಲ್ಯಾಪ್‌ಟಾಪ್ ತಯಾರಕರ ಇಲ್ಲವೇ ಚಿಪ್ ತಯಾರಕರ ಅಧಿಕೃತ ತಾಣದಿಂದಲೇ ಡ್ರೈವರ್ ತನ್ನಿ.

ಡ್ರೈವರ್ ಇದ್ದೂ ತೊಂದರೆ ಇದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀ ಒಟ್ಟಿಗೆ ಒತ್ತಿ. ಪರದೆ ಒಂದು ಕ್ಷಣ ಆರಿ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ತೆರೆದಿರುವ ಫೈಲ್‌ಗಳಿಗೆ ಏನೂ ಆಗುವುದಿಲ್ಲ.

ಎನ್‌ವಿಡಿಯಾ ಇದ್ದವರಿಗೆ ಒಂದು ಸೌಲಭ್ಯ ಇದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಎಡಗಡೆ ಪಟ್ಟಿಯಲ್ಲಿ, ಡಿಸ್‌ಪ್ಲೇ ಕೆಳಗೆ "ವ್ಯೂ ಎಚ್‌ಡಿಸಿಪಿ ಸ್ಟೇಟಸ್" ಎಂದಿರುತ್ತದೆ. ಯಾವ ಪರದೆ ಒಪ್ಪುತ್ತದೆ, ಯಾವುದು ಇಲ್ಲ ಎಂದು ಅದೇ ಹೇಳಿಬಿಡುತ್ತದೆ. ಎಎಂಡಿಯ ಸಾಫ್ಟ್‌ವೇರ್‌ನಲ್ಲಿ ಡಿಸ್‌ಪ್ಲೇ ಭಾಗದಲ್ಲಿ ಎಚ್‌ಡಿಸಿಪಿ ಸ್ವಿಚ್ ಇರುತ್ತದೆ. ಅದು ಆಫ್ ಆಗಿದೆಯೇ ನೋಡಿ.

ಎರಡು ಗ್ರಾಫಿಕ್ಸ್ ಚಿಪ್ ಇರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ಒಂದು ಚಿಪ್‌ಗೆ, ಯುಎಸ್‌ಬಿ-ಸಿ ಇನ್ನೊಂದಕ್ಕೆ ಸೇರಿರಬಹುದು. ಬ್ರೌಸರ್ ಓಡುವುದು ಒಂದರಲ್ಲಿ, ಚಿತ್ರ ಹೊರಗೆ ಹೋಗುವುದು ಇನ್ನೊಂದರಲ್ಲಿ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಹೋಗಿ ನಿಮ್ಮ ಬ್ರೌಸರ್‌ಗೆ ಚಿಪ್ ಬದಲಿಸಿ ನೋಡಿ. ಇಲ್ಲವೇ ಇನ್ನೊಂದು ಪೋರ್ಟ್ ಬಳಸಿ.

## ಹಂತ 9: ಚಿತ್ರ ಬರುತ್ತದೆ, 4ಕೆ ಮಾತ್ರ ಬರುವುದಿಲ್ಲ

ಇದು ಬೇರೆಯೇ ತೊಂದರೆ. 1080ಪಿವರೆಗೆ ಹಳೇ ಎಚ್‌ಡಿಸಿಪಿ 1.4 ನಡೆಯುತ್ತದೆ. 4ಕೆಗೆ ಸಾಮಾನ್ಯವಾಗಿ 2.2 ಬೇಕು. ಇದು ಸಾಮಾನ್ಯವಾಗಿ ಮಾನಿಟರ್‌ನ ಹಾರ್ಡ್‌ವೇರ್‌ನಲ್ಲೇ ಇರಬೇಕಾದದ್ದು, ಅಪ್‌ಡೇಟ್‌ನಿಂದ ಬರುತ್ತದೆ ಎಂದು ಕಾಯಬೇಡಿ.

ವಿಂಡೋಸ್‌ನಲ್ಲಿ ನೆಟ್‌ಫ್ಲಿಕ್ಸ್ 4ಕೆ ಬರಬೇಕಾದರೆ ಇವೆಲ್ಲ ಒಟ್ಟಿಗೆ ಕೂಡಿಬರಬೇಕು: ಪ್ರೀಮಿಯಂ ಪ್ಲಾನ್, ಎಡ್ಜ್ ಬ್ರೌಸರ್ ಅಥವಾ ನೆಟ್‌ಫ್ಲಿಕ್ಸ್ ಆ್ಯಪ್, ಇಂಟೆಲ್‌ನ ಏಳನೇ ತಲೆಮಾರಿನ ಪ್ರೊಸೆಸರ್ ಅಥವಾ ನಂತರದ್ದು ಇಲ್ಲವೇ ಅದಕ್ಕೆ ಸಮನಾದ ಗ್ರಾಫಿಕ್ಸ್, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಚಿಕ್ಕ ಮೊತ್ತಕ್ಕೆ ಸಿಗುವ, 4ಕೆ ವಿಡಿಯೊ ಬಿಚ್ಚಲು ಬೇಕಾದ ಎಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಶನ್, 60 ಹರ್ಟ್ಸ್ 4ಕೆ ಪರದೆ ಮತ್ತು ಎಚ್‌ಡಿಸಿಪಿ 2.2. ಜೋಡಿಸಿದ ಪ್ರತಿ ಮಾನಿಟರ್ ಕೂಡ 2.2 ಒಪ್ಪಬೇಕು. ಮ್ಯಾಕ್‌ನಲ್ಲಾದರೆ ಸಫಾರಿ ಬ್ರೌಸರ್, ಮ್ಯಾಕ್‌ಒಎಸ್‌ನ ಬಿಗ್ ಸರ್ ಅಥವಾ ನಂತರದ ಆವೃತ್ತಿ, ಟಿ2 ಭದ್ರತಾ ಚಿಪ್ ಅಥವಾ ಕಂಪನಿಯದೇ ಪ್ರೊಸೆಸರ್ ಆದ ಆ್ಯಪಲ್ ಸಿಲಿಕಾನ್. ಲಿನಕ್ಸ್ ಬಳಸುವವರು 4ಕೆ ಆಸೆ ಬಿಡುವುದು ಒಳ್ಳೆಯದು, ಅಲ್ಲಿ ಕೇಬಲ್ ಬದಲಿಸಿ ಪ್ರಯೋಜನ ಇಲ್ಲ.

ನಿಜಕ್ಕೂ ಎಷ್ಟು ರೆಸಲ್ಯೂಷನ್ ಬರುತ್ತಿದೆ ಎಂದು ಕಣ್ಣಂದಾಜು ಮಾಡಬೇಡಿ. ನೆಟ್‌ಫ್ಲಿಕ್ಸ್ ಓಡುತ್ತಿರುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್, ಡಿ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಅಂಕಿಗಳು ಬರುತ್ತವೆ. ಶುರುವಿನಲ್ಲಿ ಕಡಿಮೆ ಇರುತ್ತದೆ, ಒಂದೆರಡು ನಿಮಿಷ ಬಿಟ್ಟು ನೋಡಿ.

## ಎಲ್ಲ ಆದರೂ ಮಾನಿಟರ್ ಒಪ್ಪದಿದ್ದರೆ

ಹಾಳೆ ನೋಡಿ. ಟಿವಿಯಲ್ಲಿ ಬರುತ್ತದೆ, ಎರಡು ಕೇಬಲ್ ಹಾಕಿದರೂ ಮಾನಿಟರ್‌ನಲ್ಲಿ ಬರುವುದಿಲ್ಲ ಅಂದರೆ ಮಾನಿಟರ್‌ಗೆ ಎಚ್‌ಡಿಸಿಪಿ ಇಲ್ಲ, ಅಥವಾ ಆ ಪೋರ್ಟ್ ಕೆಟ್ಟಿದೆ. ಮಾಡೆಲ್ ನಂಬರ್ ಹಾಕಿ ತಯಾರಕರ ಮಾಹಿತಿ ಪುಟದಲ್ಲಿ ಎಚ್‌ಡಿಸಿಪಿ ಎಂದು ಹುಡುಕಿ. ಅಲ್ಲಿ ಇದೆ ಎಂದಿದ್ದರೆ ವಾರಂಟಿ ಕೇಳಬಹುದು. ಎಚ್‌ಡಿಸಿಪಿ ಒಪ್ಪದ ಮಾನಿಟರ್‌ಗೆ ಸ್ಟ್ರೀಮಿಂಗ್ ಸ್ಟಿಕ್, ಸೆಟ್‌ಟಾಪ್ ಬಾಕ್ಸ್ ಹಾಕಿದರೂ ಇದೇ ಗತಿ. ಅದಕ್ಕೆಂದು ಹೊಸ ಸ್ಟಿಕ್ ಕೊಳ್ಳಬೇಡಿ.

ಎಚ್‌ಡಿಸಿಪಿಯನ್ನೇ ತೆಗೆದುಹಾಕುವ ಸಣ್ಣ ಡಬ್ಬಿಗಳು ಸ್ಪ್ಲಿಟರ್ ಹೆಸರಿನಲ್ಲಿ ಮಾರಾಟಕ್ಕಿವೆ. ಆ ಕಡೆ ಹೋಗಬೇಡಿ. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಮು ಸೇರಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆ ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಅದಿರಲಿ, ಆ ಡಬ್ಬಿಗಳ ಗುಣಮಟ್ಟಕ್ಕೂ ಯಾರೂ ಹೊಣೆ ಇಲ್ಲ.

ಹೊಸ ಹಬ್ ಅಥವಾ ಮಾನಿಟರ್ ಕೊಳ್ಳುವುದೇ ಆದರೆ ವಿವರ ಪಟ್ಟಿಯಲ್ಲಿ ಎಚ್‌ಡಿಸಿಪಿ 2.2 ಅಥವಾ 2.3 ಎಂದು ಸ್ಪಷ್ಟವಾಗಿ ಬರೆದಿರಬೇಕು. "4ಕೆ ಸಪೋರ್ಟ್" ಎಂದಷ್ಟೇ ಇದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಹಬ್ ಆದರೆ 4ಕೆ ಎಷ್ಟು ಹರ್ಟ್ಸ್‌ನಲ್ಲಿ ಎಂದೂ ನೋಡಿ, 30 ಎಂದಿದ್ದರೆ ಬಿಟ್ಟುಬಿಡಿ. ಅಂಗಡಿಯಲ್ಲಿ ಕೊಳ್ಳುವುದಾದರೆ ಲ್ಯಾಪ್‌ಟಾಪ್ ಜೊತೆಗೆ ಒಯ್ದು, ನಿಮ್ಮ ಖಾತೆಯಿಂದಲೇ ಹಣ ಕೊಟ್ಟು ನೋಡುವ ಸಿನಿಮಾ ಒಂದನ್ನು ಹತ್ತು ನಿಮಿಷ ಓಡಿಸಿ, ಆಮೇಲೆ ದುಡ್ಡು ಕೊಡಿ.